ನಮ್ಮ ಬೆಟ್ಟದ ನೋವಿಗೆ ಕಾಗದ ಎಲ್ಲಿದೆ?

ತಾಳವಾಡಿ ಸೀಮೆಯವರು ನಾವು ಅಂತ ಹೊರಗಡೆ ಹೇಳಿಕೊಂಡರೆ ಕೇಳಿದವರು ಎರಡೇ ಹೆಸರು ಎತ್ತುತ್ತಾರೆ. ಒಂದು ಡಾ. ರಾಜಕುಮಾರ್, ಇನ್ನೊಂದು ವೀರಪ್ಪನ್. ಮೀಸೆಯವನ ಮೇಲೆ ಸಿನಿಮಾ ಬಂದವು, ಪುಸ್ತಕ ಬಂದವು, ಟೀವಿಯಲ್ಲಿ ಕಂತು ಕಂತಾಗಿ ಬಂತು. ಅವನನ್ನು ಹಿಡಿಯಲು ಬಂದವರ ಸಾಹಸವೂ ಅಚ್ಚಾಯಿತು. ಆದರೆ ಆ ಹತ್ತು ಹನ್ನೆರಡು ವರ್ಷ ಆ ಕಡೆ ಕಾಡಿನವನು, ಈ ಕಡೆ ಖಾಕಿಯವರು, ನಡುವೆ ಸಿಕ್ಕಿಕೊಂಡ ದೊಡ್ಡಿ, ಹಾಡಿ, ಹಳ್ಳಿಯ ಜನರ ಪಾಡು ಏನಾಯಿತು? ಅದು ಯಾವ ಕಾಗದದ ಮೇಲೆ ಇದೆ? ಅದನ್ನು ಕಾಗದಕ್ಕೆ ಇಳಿಸಿದವರು ಯಾರು, ಇಳಿಸಿದ್ದರಿಂದ ಏನಾಯಿತು, ಏನಾಗಲಿಲ್ಲ? ಈ ಲೇಖನದಲ್ಲಿ ನಾನು ಹೇಳಲು ಹೊರಟಿರುವುದು ಇಷ್ಟೇ.

ಗಡಿಯ ಜನಕ್ಕೆ ಎರಡು ಪೊಲೀಸು

1956ಕ್ಕೆ ಮುಂಚೆ ಕೊಳ್ಳೇಗಾಲವೂ ನಾವೂ ಒಂದೇ ಕೊಯಮತ್ತೂರು ಜಿಲ್ಲೆಯವರು. ರಾಜ್ಯ ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ಸೀಮೆಗೆ ಹೋಯಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. 1979ರಲ್ಲಿ ಈರೋಡು ಜಿಲ್ಲೆ ಆದಾಗ ನಾವು ಅದಕ್ಕೆ ಸೇರಿದೆವು. ಮಾತು ಕನ್ನಡ, ಕಚೇರಿ ತಮಿಳು. ತಿಗನಾರೆಯಿಂದ ಸಂತೆಗೆ, ಆಸ್ಪತ್ರೆಗೆ ಚಾಮರಾಜನಗರ ಹತ್ತಿರ. ಆದರೆ ಕೋರ್ಟು ಕಚೇರಿ ಅಂದರೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ, ಗೋಬಿಚೆಟ್ಟಿಪಾಳ್ಯಕ್ಕೆ ಹೋಗಬೇಕು. ಸುಮ್ಮನಿದ್ದ ಕಾಲದಲ್ಲಿ ಇದು ಬರೀ ಓಡಾಟದ ತಾಪತ್ರಯ. ಒಬ್ಬ ಮನುಷ್ಯನನ್ನು ರಾತ್ರಿ ಮನೆಯಿಂದ ಎಬ್ಬಿಸಿಕೊಂಡು ಹೋದಾಗ ಮಾತ್ರ ಇದು ಜೀವದ ಪ್ರಶ್ನೆ ಆಗುತ್ತದೆ. ಹೋದವರು ಯಾವ ರಾಜ್ಯದ ಪೊಲೀಸರು? ಯಾವ ಠಾಣೆಗೆ ಹೋಗಿ ಕೇಳುವುದು? ಯಾವ ಭಾಷೆಯಲ್ಲಿ ಕೇಳುವುದು?

ಇದನ್ನು ಯುದ್ಧ ಅಂತ ಯಾವ ಸರ್ಕಾರವೂ ಸಾರಲಿಲ್ಲ. ಆದರೂ ಆ ದಿನಗಳನ್ನು ಕಂಡವರು ಯುದ್ಧ ಅನ್ನುವ ಮಾತನ್ನೇ ಬಳಸುತ್ತಾರೆ. ವೀರಪ್ಪನ್ ಕೊಂದವರ ಲೆಕ್ಕವನ್ನು ಮೊದಲು ಹೇಳದೆ ಮುಂದಿನದನ್ನು ಹೇಳಿದರೆ ನ್ಯಾಯವಲ್ಲ. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕೊಂದ. ಶರಣಾಗುತ್ತೇನೆ ಅಂತ ನಂಬಿಸಿ ಕರೆಸಿಕೊಂಡು ಕೊಂದದ್ದು. 1992ರ ಆಗಸ್ಟಿನಲ್ಲಿ ಮೀಣ್ಯದ ಹತ್ತಿರ ಎಸ್.ಪಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಸತ್ತರು. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬಿಗೆ 22 ಜನ ಬಲಿಯಾದರು. ಸುಳಿವು ಕೊಟ್ಟ ಅನ್ನುವ ಗುಮಾನಿ ಮೇಲೆ ಸತ್ತ ಹಳ್ಳಿಯವರೂ ಕಮ್ಮಿಯಲ್ಲ. ಇವರ ಮನೆಯವರ ನೋವೂ ನಮ್ಮ ಬೆಟ್ಟದ ನೋವೇ.

ಪಾಲಾರ್ ಆದ ಮೇಲೆ ಎರಡೂ ರಾಜ್ಯದ ವಿಶೇಷ ಕಾರ್ಯಪಡೆ, ಅಂದರೆ ನಮ್ಮ ಜನರ ಬಾಯಲ್ಲಿ ‘ಟಾಸ್ಕ್ ಫೋರ್ಸ್‌ನವರು’, ಕೂಡಿ ಇಳಿದರು. ಕಾಡಿಗೆ ದನ ಹೊಡೆದವನು, ಜೇನು ಕಿತ್ತವನು, ಸೌದೆ ಹೊತ್ತವಳು, ಬಂದೂಕು ತೋರಿಸಿದಾಗ ಹೆದರಿ ಒಂದು ಪಡಿ ಅಕ್ಕಿ ಕೊಟ್ಟವನು, ಎಲ್ಲರೂ ಗುಮಾನಿಗೆ ಬಿದ್ದರು. ಸೋಲಿಗರು, ಊರಾಳಿಗರಿಗಂತೂ ಕಾಡೇ ಮನೆ. ಮನೆಯಲ್ಲಿ ಇದ್ದದ್ದೇ ತಪ್ಪಾಯಿತು. ಹಿಡಿದವರನ್ನು ಒಯ್ಯುತ್ತಿದ್ದ ಜಾಗಗಳಲ್ಲಿ ಮಾದಪ್ಪನ ಬೆಟ್ಟದ ಶಿಬಿರದ ಹೆಸರು ಎಲ್ಲಕ್ಕಿಂತ ಹೆಚ್ಚು ಕೇಳಿಬರುತ್ತದೆ. ಅಲ್ಲಿ ವಿಚಾರಣೆ ನಡೆಸುತ್ತಿದ್ದ ಕಟ್ಟಡಕ್ಕೆ ‘ವರ್ಕ್‌ಶಾಪ್’ ಅಂತಲೇ ಹೆಸರು ಬಿದ್ದಿತ್ತು. ಹರಕೆ ಹೊತ್ತು ಉಘೇ ಅಂತ ಹತ್ತುತ್ತಿದ್ದ ಬೆಟ್ಟ ಅದು. ಅಲ್ಲಿಗೆ ಹೋಗಿ ಬಂದವರು ಹೊಡೆತ, ಕರೆಂಟು, ನೇತುಹಾಕಿದ್ದು, ಹೆಂಗಸರಿಗೆ ಮಾಡಿದ ಮಾನಭಂಗ, ಇವನ್ನೆಲ್ಲ ಮುಂದೆ ಹೇಳಿಕೆಗಳಲ್ಲಿ ಹೇಳಿದರು.

ಇದರ ಜೊತೆಗೆ ಟಾಡಾ ಕಾಯಿದೆ. ಮಾಮೂಲಿ ಕಾನೂನಿನಲ್ಲಿ ಪೊಲೀಸರ ಮುಂದೆ ಒಪ್ಪಿಕೊಂಡದ್ದು ಸಾಕ್ಷಿ ಆಗುವುದಿಲ್ಲ. ಟಾಡಾದಲ್ಲಿ ಎಸ್.ಪಿ. ದರ್ಜೆಯವರ ಮುಂದೆ ಹೇಳಿದ್ದೂ ಸಾಕ್ಷಿ. ಹೊಡೆತಕ್ಕೆ ಒಪ್ಪಿಕೊಂಡದ್ದೂ ಸಾಕ್ಷಿಯಾಗಬಹುದಾದರೆ ಹೊಡೆಯುವ ಕೈಗೆ ತಡೆ ಯಾವುದು? ನೂರಕ್ಕೂ ಹೆಚ್ಚು ಜನ ಮೈಸೂರು ಜೈಲಿನಲ್ಲಿ ಎಂಟು ವರ್ಷದ ಹತ್ತಿರ ಕೊಳೆತರು. 1995ರಲ್ಲಿ ಕಾಯಿದೆಯೇ ಸತ್ತರೂ ಇವರ ಕೇಸು ಸಾಯಲಿಲ್ಲ. 2001ರಲ್ಲಿ ತೀರ್ಪು ಬಂದಾಗ ಬಹುಪಾಲು ಜನ ನಿರಪರಾಧಿಗಳೆಂದು ಹೊರಬಂದರು. ಹೊರಬಂದವರಿಗೆ ಹೊಲ ಬೀಳಾಗಿತ್ತು, ಮಕ್ಕಳು ದೊಡ್ಡವರಾಗಿದ್ದರು.

ಕೇಳುವವರು ಬಂದದ್ದು

ಈ ಸಂಗತಿ ಕಾಡಿನಿಂದ ಕೆಳಗಿಳಿದದ್ದು ಹೇಗೆ? ಪತ್ರಿಕೆಯವರು ವೀರಪ್ಪನ್‌ನ ಸಂದರ್ಶನಕ್ಕೆ ಓಡಾಡುತ್ತಿದ್ದ ಕಾಲದಲ್ಲಿ ಪಿ.ಯು.ಸಿ.ಎಲ್., ತಮಿಳುನಾಡು ಪಳಂಗುಡಿ ಮಕ್ಕಳ್ ಸಂಘ ಮೊದಲಾದ ಸಂಘಟನೆಯವರು, ಕೆಲವು ವಕೀಲರು ಹಾಡಿ ಹಾಡಿಗೆ ನಡೆದು ಜನರ ಮುಂದೆ ಕೂತು ಕೇಳಿ ಬರೆದುಕೊಂಡರು. ಅವರಲ್ಲಿ ಒಬ್ಬರಾದ ವಕೀಲ ಎಸ್. ಬಾಲಮುರುಗನ್ ತಾವು ಕೇಳಿದ್ದನ್ನು ಆಧರಿಸಿ 2004ರಲ್ಲಿ ತಮಿಳಿನಲ್ಲಿ ‘ಸೋಳಗರ್ ತೊಟ್ಟಿ’ ಎಂಬ ಕಾದಂಬರಿ ತಂದರು. ಕಾದಂಬರಿ ಓದುಗರ ಮನಸ್ಸು ಕಲಕಿತು. ಆದರೆ ಕೋರ್ಟಿಗೂ ಆಯೋಗಕ್ಕೂ ಬೇಕಾದದ್ದು ಬೇರೆ ಬರವಣಿಗೆ. ಹೆಸರು, ದಿನ, ಜಾಗ, ಗಾಯ, ಸಾಕ್ಷಿ.

ಆ ಬರವಣಿಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಮುಟ್ಟಿ, 1999ರಲ್ಲಿ ಆಯೋಗ ಒಂದು ಸಮಿತಿ ನೇಮಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅಧ್ಯಕ್ಷರು, ಸಿ.ಬಿ.ಐ.ನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಸದಸ್ಯರು. ಕಾಡಿನ ಜನ ಬಸ್ಸು ಹತ್ತಿ ಬಂದು ಅವರ ಮುಂದೆ ಬಾಯಿ ಬಿಟ್ಟರು. ವೀರಪ್ಪನ್ ಇನ್ನೂ ಬದುಕಿದ್ದ, ಪಡೆಯವರು ಇನ್ನೂ ಕಾಡಲ್ಲೇ ಇದ್ದರು. ಅಂಥ ಹೊತ್ತಿನಲ್ಲಿ ಬಾಯಿ ಬಿಟ್ಟದ್ದು ಸಣ್ಣ ಧೈರ್ಯ ಅಲ್ಲ. ಸಮಿತಿ 2003ರ ಕೊನೆಗೆ ವರದಿ ಕೊಟ್ಟಿತು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ. ಪಡೆಯವರಿಗೆ ಬಡ್ತಿ, ನಿವೇಶನ, ನಗದು ಬಹುಮಾನ ಬೇಗನೆ ಬಂದವು. 2007ರ ಜನವರಿಯಲ್ಲಿ ಆಯೋಗ 89 ಜನರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು.

89 ಜನ ಅನ್ನುವ ಲೆಕ್ಕವನ್ನು ನಾವು ಸ್ವಲ್ಪ ನಿಂತು ನೋಡಬೇಕು. ಎರಡು ರಾಜ್ಯ, ಹತ್ತು ವರ್ಷ, ಅಷ್ಟೊಂದು ಹಳ್ಳಿ, 89 ಜನ. ಪಟ್ಟಿಯಲ್ಲಿ ಇಲ್ಲ ಅಂದರೆ ನೋವೇ ಆಗಿಲ್ಲ ಅಂತ ಅರ್ಥ ಅಲ್ಲ. ಪಟ್ಟಿಗೆ ಬರಲು ಏನಾದರೊಂದು ಹಿಡಿ ಬೇಕು. ಒಂದು ಆಸ್ಪತ್ರೆ ಚೀಟಿ, ಜೈಲಿನ ದಾಖಲೆ, ಜೊತೆಗಿದ್ದವನ ಸಾಕ್ಷಿ, ಅಥವಾ ಗೊತ್ತಾದ ಒಂದು ತಾರೀಖು. ಶಿಬಿರದಲ್ಲಿ ಹೊಡೆಸಿಕೊಂಡು ಬಂದವನು ಬೇರು ಅರೆದು ಹಚ್ಚಿಕೊಂಡು ಮನೆಯಲ್ಲಿ ಮಲಗಿದ. ಆಸ್ಪತ್ರೆಗೆ ಹೋಗಲಿಲ್ಲ. ಹೋದರೆ ಯಾಕೆ ಗಾಯ ಅಂತ ಕೇಳುತ್ತಾರೆ ಅನ್ನುವ ಹೆದರಿಕೆ. ಗಾಯ ವಾಸಿಯಾಯಿತು, ಅದರೊಂದಿಗೆ ಸಾಕ್ಷಿಯೂ ಮಾಸಿತು. ಇನ್ನು ಶಿಕ್ಷೆಯ ವಿಚಾರ. ಪರಿಹಾರವೇನೋ ಬಂತು. ಆ ವರದಿಯ ಮೇಲೆ ಯಾರೊಬ್ಬರೂ ಜೈಲಿಗೆ ಹೋಗಲಿಲ್ಲ.

ವಾಚಾತ್ತಿ ಯಾಕೆ ಗೆದ್ದಿತು?

ಇಲ್ಲಿ ನಾವು ಧರ್ಮಪುರಿ ಜಿಲ್ಲೆಯ ವಾಚಾತ್ತಿ ಊರನ್ನು ಪಕ್ಕಕ್ಕಿಟ್ಟು ನೋಡಬೇಕು. ಅದೂ ಬೆಟ್ಟದ ತಪ್ಪಲಿನ ಬುಡಕಟ್ಟಿನವರ ಊರೇ. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸು, ಕಂದಾಯ ಮೂರೂ ಇಲಾಖೆಯವರು ಊರಿಗೆ ನುಗ್ಗಿದರು. ಮನೆ ಒಡೆದರು, ಜನರನ್ನು ಬಡಿದರು, 18 ಹೆಂಗಸರು ಮತ್ತು ಹುಡುಗಿಯರ ಮೇಲೆ ಅತ್ಯಾಚಾರ ಮಾಡಿದರು. ಅಂಥದ್ದೇನೂ ನಡೆದೇ ಇಲ್ಲ ಅಂತ ಸರ್ಕಾರ ಹೇಳಿತು. ಬುಡಕಟ್ಟು ಸಂಘದವರು ಮುಂದಿನ ತಿಂಗಳೇ ಊರಿಗೆ ಹೋಗಿ ಜನರ ಮಾತು ಬರೆದುಕೊಂಡರು. ಪರಿಶಿಷ್ಟ ಜಾತಿ, ಬುಡಕಟ್ಟುಗಳ ಆಯೋಗದ ಚೆನ್ನೈ ಕಚೇರಿಯ ಅಧಿಕಾರಿ ಬಿ. ಭಾಮತಿ ಅದೇ ವರ್ಷ ಹೋಗಿ ನೋಡಿ ವರದಿ ಕೊಟ್ಟರು. 1995ರಲ್ಲಿ ಮದರಾಸು ಹೈಕೋರ್ಟು ಸಿ.ಬಿ.ಐ. ತನಿಖೆಗೆ ಹೇಳಿತು. ಆರೋಪಿಗಳು 269 ಜನ.

2011ರ ಸೆಪ್ಟೆಂಬರ್ 29ರಂದು ಧರ್ಮಪುರಿ ಕೋರ್ಟು ತೀರ್ಪು ಕೊಟ್ಟಿತು. ಅಷ್ಟರಲ್ಲಿ 54 ಆರೋಪಿಗಳು ಸತ್ತಿದ್ದರು. ಉಳಿದ 215 ಜನರೂ ತಪ್ಪಿತಸ್ಥರು, ಅವರಲ್ಲಿ 17 ಜನರ ಮೇಲೆ ಅತ್ಯಾಚಾರ ಸಾಬೀತಾಯಿತು. ಮೇಲ್ಮನವಿ ಹಾಕಿದರು. 2023ರ ಸೆಪ್ಟೆಂಬರ್ 29ರಂದು ಹೈಕೋರ್ಟು ಅದನ್ನೂ ತಳ್ಳಿಹಾಕಿ, ಆ 18 ಹೆಂಗಸರಿಗೆ ತಲಾ 10 ಲಕ್ಷ ಪರಿಹಾರ ಕೊಡಲು ಹೇಳಿತು. 31 ವರ್ಷ ಹಿಡಿಯಿತು, ಆದರೂ ಗೆದ್ದರು.

ಅವರು ಗೆದ್ದು ನಮ್ಮವರು ಪರಿಹಾರದಲ್ಲೇ ನಿಂತದ್ದು ಯಾಕೆ? ನನಗೆ ತೋರುವ ಕಾರಣ ಇವು. ಅಲ್ಲಿ ಊರು ಒಂದು, ದಾಳಿ ಒಂದು. ಅವತ್ತು ಯಾರು ಯಾರು ಹೋಗಿದ್ದರು ಅನ್ನುವುದಕ್ಕೆ ಇಲಾಖೆಯ ಸ್ವಂತ ಕಾಗದವೇ ಇತ್ತು. ತಿಂಗಳೊಪ್ಪತ್ತಿನಲ್ಲೇ ಹೇಳಿಕೆ ಬರೆದಾಯಿತು. ಗುರುತು ಹಿಡಿಸುವ ಪೆರೇಡಿನಲ್ಲಿ ಹೆಂಗಸರು ಎದುರು ನಿಂತು ಇವನೇ ಅಂತ ತೋರಿಸಿದರು. ಸಂಘದವರು ಒಮ್ಮೆ ಬರೆದುಕೊಂಡು ಹೋಗಿ ಮರೆಯಲಿಲ್ಲ, ಕೊನೆಯವರೆಗೆ ಜೊತೆಗಿದ್ದರು. ನಮ್ಮಲ್ಲಾದರೋ ವರ್ಷಗಟ್ಟಲೆ, ಹತ್ತಾರು ಊರಲ್ಲಿ, ಒಬ್ಬೊಬ್ಬರನ್ನಾಗಿ ಒಯ್ದರು. ಒಯ್ದವನ ಹೆಸರು ಗೊತ್ತಿಲ್ಲ, ಅವನ ರಾಜ್ಯವೂ ಗೊತ್ತಿಲ್ಲ. ಹೇಳಿಕೆ ಕೇಳುವವರು ಬಂದಾಗ ಆರೇಳು ವರ್ಷ ಕಳೆದಿತ್ತು. ನೋವು ಎರಡು ಕಡೆಯೂ ನಿಜವೇ. ಅದನ್ನು ಬರೆದ ಕಾಲ, ಬರೆದ ರೀತಿ ಬೇರೆಯಾಗಿತ್ತು.

ಸಾಕ್ಷಿ ಇಲ್ಲದಿದ್ದರೆ ದೊಡ್ಡವರಿಗೂ ಅದೇ ಗತಿ. 2000ದ ಜುಲೈ 30ರ ರಾತ್ರಿ ನಮ್ಮ ದೊಡ್ಡ ಗಾಜನೂರಿನ ಮನೆಯಿಂದಲೇ ರಾಜಕುಮಾರ್ ಅವರನ್ನು ಒಯ್ದರು. 108 ದಿನ ಎರಡು ರಾಜ್ಯ ನಿದ್ದೆ ಮಾಡಲಿಲ್ಲ. ಲೋಕಕ್ಕೆಲ್ಲ ಗೊತ್ತಿದ್ದ ಕೇಸು. 2018ರ ಸೆಪ್ಟೆಂಬರಿನಲ್ಲಿ ಗೋಬಿ ಕೋರ್ಟು ಉಳಿದಿದ್ದ 9 ಆರೋಪಿಗಳನ್ನೂ ಸಾಕ್ಷಿ ಸಾಲದು ಅಂತ ಬಿಟ್ಟಿತು. ಅಷ್ಟರಲ್ಲಿ ರಾಜಕುಮಾರರೂ ಇರಲಿಲ್ಲ, ಪಾರ್ವತಮ್ಮನವರೂ ಇರಲಿಲ್ಲ. ನಾಡಿಗೆ ನಾಡೇ ಬಲ್ಲ ಸಂಗತಿಯೂ ಕೋರ್ಟಿನಲ್ಲಿ ನಿಲ್ಲಲು ಕಾಲಕ್ಕೆ ಸರಿಯಾಗಿ ಬರೆದ ಹೇಳಿಕೆ ಬೇಕು. ಹಾಗಿದ್ದ ಮೇಲೆ ಹೆಸರಿಲ್ಲದ ಸೋಲಿಗರವನ ಗತಿ ಏನು?

ಊರಿನವರೇ ಕಲಿತು ಮಾಡಿದ ಕೆಲಸ

ಇಂಥ ಬರವಣಿಗೆ ದೊಡ್ಡ ಓದಿನವರಿಗೆ ಮಾತ್ರ ಅಂತ ತಿಳಿಯಬೇಡಿ. ಆಫ್ರಿಕಾದ ಚಾಡ್ ದೇಶದಲ್ಲಿ ಹಿಸೇನ್ ಹಾಬ್ರೆ ಎಂಬ ಸರ್ವಾಧಿಕಾರಿ 1982ರಿಂದ 1990ರವರೆಗೆ ಆಳಿದ. ಅವನ ಜೈಲಿನಲ್ಲಿ ಸಾಯುವಂತಾಗಿದ್ದ ಸುಲೈಮಾನ್ ಗೆಂಗೆಂಗ್ ಎಂಬ ಲೆಕ್ಕದ ಗುಮಾಸ್ತರು, ಬದುಕಿ ಹೊರಬಂದರೆ ಸತ್ಯ ಹೇಳಿಸುತ್ತೇನೆ ಅಂತ ಹರಕೆ ಹೊತ್ತರು. ಹಾಬ್ರೆ ಓಡಿಹೋದ ಮೇಲೆ ತಮ್ಮಂಥ ನೊಂದವರನ್ನು ಕೂಡಿಸಿ 792 ಜನರ ಹೇಳಿಕೆ ಬರೆಸಿದರು. ಬೆದರಿಕೆ ಬಂದಾಗ ಆ ಕಾಗದಗಳನ್ನು ಮಣ್ಣಿನ ಮನೆಯಲ್ಲಿ ವರ್ಷಗಟ್ಟಲೆ ಬಚ್ಚಿಟ್ಟರು. 2000ದಲ್ಲಿ ಆ ಕಾಗದ ಹೊರಬಂತು. ಮರುವರ್ಷ ಹಾಬ್ರೆಯ ಗುಪ್ತ ಪೊಲೀಸರ ಕಡತಗಳೂ ಸಿಕ್ಕವು. ಅವುಗಳಲ್ಲಿ 12,321 ಜನ ನೊಂದವರ ಹೆಸರಿತ್ತು. 2016ರ ಮೇ 30ರಂದು ಸೆನೆಗಲ್ ದೇಶದ ಡಕಾರ್‌ನಲ್ಲಿ ವಿಶೇಷ ನ್ಯಾಯಾಲಯ ಹಾಬ್ರೆಗೆ ಜೀವಾವಧಿ ಶಿಕ್ಷೆ ಕೊಟ್ಟಿತು.

ಸಿರಿಯಾದಲ್ಲಿ ಯುದ್ಧ ನಡೆಯುತ್ತಿರುವಾಗಲೇ ಅಲ್ಲಿನ ವಕೀಲರು, ಕಾರ್ಯಕರ್ತರು ತರಬೇತಿ ಪಡೆದರು. ಯಾವ ಕಾಗದ ಮುಖ್ಯ, ಅದು ಎಲ್ಲಿ ಸಿಕ್ಕಿತೆಂದು ಹೇಗೆ ಗುರುತು ಹಾಕಬೇಕು, ಮೇಲಿನವರ ಆಜ್ಞೆ ಕೆಳಕ್ಕೆ ಹರಿದುಬಂದದ್ದನ್ನು ಹೇಗೆ ತೋರಿಸಬೇಕು ಎಂದು ಕಲಿತು, ಜೀವ ಒತ್ತೆಯಿಟ್ಟು ಸರ್ಕಾರಿ ಕಡತಗಳನ್ನು ಗಡಿ ದಾಟಿಸಿದರು. ಹಾಗೆ ಕೂಡಿಟ್ಟ ದಾಖಲೆ, ಓಡಿಬಂದವರ ಸಾಕ್ಷಿ ಎರಡೂ ಸೇರಿ 2022ರ ಜನವರಿಯಲ್ಲಿ ಜರ್ಮನಿಯ ಕೋಬ್ಲೆನ್ಸ್ ಕೋರ್ಟಿನಲ್ಲಿ ಸಿರಿಯಾದ ಒಬ್ಬ ಮಾಜಿ ಕರ್ನಲ್‌ಗೆ ಜೀವಾವಧಿ ಆಯಿತು. ಇಂಥ ಕೆಲಸಕ್ಕೆ ಈಗ ವಿಶ್ವಸಂಸ್ಥೆಯ ಕೈಪಿಡಿಗಳೇ ಇವೆ. ಅನುಮಾನದ ಸಾವನ್ನು ತನಿಖೆ ಮಾಡುವ ಬಗೆಗೆ ‘ಮಿನ್ನೆಸೋಟ ಪ್ರೋಟೊಕಾಲ್’, ಚಿತ್ರಹಿಂಸೆಯನ್ನು ದಾಖಲಿಸುವ ಬಗೆಗೆ 1999ರ ‘ಇಸ್ತಾಂಬುಲ್ ಪ್ರೋಟೊಕಾಲ್’.

ಕೇಳುವ ಬಗೆ, ಬರೆಯುವ ಬಗೆ

ಆ ತರಬೇತಿಗಳಲ್ಲಿ ಹೇಳಿಕೊಡುವ ಮುಖ್ಯ ವಿಷಯ ನಮ್ಮ ಮೇಷ್ಟ್ರುಗಳಿಗೆ, ಓದಿದ ಹುಡುಗ ಹುಡುಗಿಯರಿಗೆ ತಿಳಿಯದ್ದೇನಲ್ಲ. ನಮ್ಮ ಕಡೆಗೆ ಹೊಂದಿಸಿ ಹೇಳುತ್ತೇನೆ.

ಮೊದಲನೆಯದು, ಉತ್ತರವನ್ನು ಪ್ರಶ್ನೆಯಲ್ಲೇ ಇಡಬಾರದು. “ಪೊಲೀಸರು ಹೊಡೆದರು ಅಲ್ವಾ ತಾತ?” ಅಂತ ಕೇಳಿದರೆ ತಾತ ಹೂಂ ಅನ್ನುತ್ತಾರೆ, ಆ ಹೂಂ ಕೋರ್ಟಲ್ಲಿ ನಿಲ್ಲುವುದಿಲ್ಲ. “ಆಮೇಲೆ ಏನಾಯ್ತು ತಾತ?” ಅಂತ ಕೇಳಿ ಸುಮ್ಮನಿರಬೇಕು. ಅವರು ಅಳೋಕೆ ಶುರು ಮಾಡಿದರೆ ನಿಲ್ಲಿಸಬೇಕು. ಇವತ್ತೇ ಮುಗಿಸಬೇಕು ಅಂತೇನಿಲ್ಲ.

ಎರಡನೆಯದು, ಕಂಡದ್ದು ಬೇರೆ, ಕೇಳಿದ್ದು ಬೇರೆ. “ಅವನನ್ನ ಸಾಯಿಸ್ಬುಟ್ರು” ಅಂದಾಗ, ನೀವು ಕಣ್ಣಾರೆ ಕಂಡಿರಾ, ಯಾರು ಹೇಳಿದರು ಅಂತ ಕೇಳಿ ಎರಡನ್ನೂ ಬೇರೆ ಬೇರೆ ಬರೆಯಬೇಕು. ಕೇಳಿದ್ದನ್ನು ಬಿಡುವುದು ಬೇಡ, ಕೇಳಿದ್ದು ಅಂತಲೇ ಬರೆಯಬೇಕು.

ಮೂರನೆಯದು ತಾರೀಖು. ನಮ್ಮ ಹಿರಿಯರಿಗೆ ಇಸವಿ ನೆನಪಿರುವುದಿಲ್ಲ. ಆದರೆ ಹುಚ್ಚೆಳ್ಳು ಹೂ ಬಿಟ್ಟಿತ್ತು, ರಾಗಿ ಕುಯ್ಲು ಆಗಿತ್ತು, ಮಾದಪ್ಪನ ಶಿವರಾತ್ರಿ ಜಾತ್ರೆ ಮುಗಿದ ವಾರ, ದೊಡ್ಡ ಮಗಳು ಮೈನೆರೆದ ವರ್ಷ, ಇವು ಮರೆಯುವುದಿಲ್ಲ. ಮೊದಲು ಅವರ ಮಾತಿನಲ್ಲೇ ಬರೆದು, ಆಮೇಲೆ ಪಂಚಾಂಗ, ಶಾಲೆಯ ದಾಖಲಾತಿ ಪುಸ್ತಕ ನೋಡಿ ತಿಂಗಳು ಹಿಡಿಯಬಹುದು. ನಮ್ಮ ಶಾಲೆಗಳ ಹಾಜರಿ ಪುಸ್ತಕವೂ ಒಂದು ಸಾಕ್ಷಿಯೇ. ಒಂದು ಹಾಡಿಯ ಮಕ್ಕಳೆಲ್ಲ ಒಂದೇ ವಾರ ಶಾಲೆಗೆ ಬರಲಿಲ್ಲ ಅಂದರೆ ಅದಕ್ಕೊಂದು ಕಾರಣ ಇರುತ್ತದೆ.

ನಾಲ್ಕನೆಯದು ಭಾಷೆ. ನಮ್ಮ ಪಾಲಿಗೆ ಇದೇ ದೊಡ್ಡದು. ಸೋಲಿಗರವಳ ಮಾತು ಕನ್ನಡಕ್ಕೆ, ಕನ್ನಡದಿಂದ ತಮಿಳಿಗೆ, ತಮಿಳಿನಿಂದ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಜೀವ ಹೋಗುತ್ತದೆ. “ಕಿವಿಗೆ ತಂತಿ ಸಿಕ್ಸಿ ಕರೆಂಟ್ ಕೊಟ್ರು” ಅಂದದ್ದು ಕಚೇರಿ ಭಾಷೆಯಲ್ಲಿ ‘ಹಿಂಸೆ ನೀಡಿದರು’ ಆಗಿಬಿಡುತ್ತದೆ. ಕಿವಿಯೂ ಇಲ್ಲ, ತಂತಿಯೂ ಇಲ್ಲ. ವೈದ್ಯರು ಕಿವಿ ನೋಡಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಆದ್ದರಿಂದ ಆಡಿದ ಮಾತನ್ನು ಆಡಿದ ಹಾಗೆ ಮೊದಲು ಬರೆಯಬೇಕು, ಓದಿ ಹೇಳಬೇಕು, ಸರಿ ಅಂದ ಮೇಲೆ ರುಜು ಅಥವಾ ಹೆಬ್ಬೆಟ್ಟು. ಅನುವಾದ ಆಮೇಲೆ. ಸಾಕ್ಷಿಯ ಮಾತನ್ನು ಆದಷ್ಟೂ ಅವರ ಭಾಷೆಯಲ್ಲೇ ದಾಖಲಿಸಬೇಕು, ಆಗದಿದ್ದರೆ ಸರಿಯಾದ ಅನುವಾದ ಮಾಡಿಸಬೇಕು ಅಂತ ನಮ್ಮ ದಂಡ ಪ್ರಕ್ರಿಯೆಯ ಕಾನೂನೇ ಹೇಳುತ್ತದೆ. ಕನ್ನಡದವರು ಗೋಬಿ ಕೋರ್ಟಿನಲ್ಲಿ ಇದನ್ನು ಕೇಳಿ ಪಡೆಯಬಹುದು.

ಐದನೆಯದು ಮರ್ಯಾದೆ. ಹೆಂಗಸರ ಹೇಳಿಕೆಯನ್ನು ಹೆಂಗಸರೇ ಬರೆದುಕೊಳ್ಳಲಿ. ಅದೇ ನೋವನ್ನು ಹತ್ತು ಸಲ ಹೇಳಿಸಬಾರದು. ಅತ್ಯಾಚಾರಕ್ಕೆ ಒಳಗಾದವರ ಹೆಸರು ಹೊರಗೆ ಹಾಕುವುದು ಕಾನೂನಿನಲ್ಲೂ ಅಪರಾಧ. ಬೇಡ ಅಂದವರನ್ನು ಬಲವಂತ ಮಾಡಬಾರದು. ಬರೆದ ಕಾಗದದ ಪ್ರತಿ ಎರಡು ಜಾಗದಲ್ಲಿ ಇರಲಿ, ಒಂದಕ್ಕೆ ಗೆದ್ದಲು ಹಿಡಿದರೆ ಇನ್ನೊಂದು ಉಳಿಯುತ್ತದೆ.

ಮುಂದೆ ಯಾವತ್ತಾದರೂ ಬೇಕಾದರೆ

ಹಳೆಯದಕ್ಕೆ ಮಾತ್ರ ಈ ವಿದ್ಯೆ ಅಲ್ಲ. 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಬಂಧಿಸುವವರ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು, ಬಂಧನದ ಚೀಟಿಗೆ ಮನೆಯವರೋ ಊರಿನವರೋ ಸಾಕ್ಷಿ ಹಾಕಬೇಕು, ವಶದಲ್ಲಿರುವಾಗ 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. 2014ರಲ್ಲಿ ಪಿ.ಯು.ಸಿ.ಎಲ್. ಕೇಸಿನಲ್ಲಿ ಸುಪ್ರೀಂ ಕೋರ್ಟು ಎನ್‌ಕೌಂಟರ್ ಸಾವು ಪ್ರತಿಯೊಂದಕ್ಕೂ ಎಫ್.ಐ.ಆರ್., ಬೇರೆ ತಂಡದ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಬೇಕು ಅಂತ ಹೇಳಿದೆ. ಮಾನವ ಹಕ್ಕು ಆಯೋಗಕ್ಕೆ ದೂರು ಒಂದು ವರ್ಷದ ಒಳಗೆ ಹೋಗಬೇಕು. ಈ ಒಂದು ವರ್ಷದ ಮಾತನ್ನು ಗೋಡೆ ಮೇಲೆ ಬರೆದು ಹಾಕಿದರೂ ತಪ್ಪಿಲ್ಲ. ಹೆಂಗಸರಿಗೆ, ಪರಿಶಿಷ್ಟರಿಗೆ, ವಶದಲ್ಲಿರುವವರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನು ಕೊಡುವ 1987ರ ಕಾನೂನು ಇದೆ. ಕಾನೂನು ಸೇವಾ ಪ್ರಾಧಿಕಾರದವರು ಊರಿನವರನ್ನೇ ಅರೆಕಾನೂನು ಸ್ವಯಂಸೇವಕರಾಗಿ ತರಬೇತಿ ಮಾಡುತ್ತಾರೆ. ನಮ್ಮ ಒಂದೊಂದು ಊರಿಂದ ಒಬ್ಬರಾದರೂ ಅದಕ್ಕೆ ಸೇರಬೇಕು. ಕನ್ನಡ, ತಮಿಳು ಎರಡೂ ಬರೆಯಬಲ್ಲವರಾದರೆ ಇನ್ನೂ ಒಳ್ಳೆಯದು.

ಹಳೆಯದನ್ನು ಕೆದಕಿ ಏನು ಸುಖ ಅಂತ ಕೆಲವರು ಕೇಳುತ್ತಾರೆ. ನೊಂದವರು ಮರೆತಿದ್ದರೆ ಆ ಮಾತು ಸರಿ. ಆದರೆ ನೊಂದವರು ಮರೆತಿಲ್ಲ, ಸುಮ್ಮನಿದ್ದಾರೆ. 1993ರಲ್ಲಿ ಮೂವತ್ತು ವರ್ಷದವರಾಗಿದ್ದವರು ಈಗ ಅರವತ್ತು ದಾಟಿದ್ದಾರೆ. ಆಗಲೇ ಅರವತ್ತಾಗಿದ್ದವರು ಬಹುಪಾಲು ಮಣ್ಣಾಗಿದ್ದಾರೆ. ಕೋರ್ಟು ಇನ್ನು ಏನು ಮಾಡುತ್ತದೋ ಬಿಡುತ್ತದೋ, ಆ ಮಾತು ನಮ್ಮ ಕೈಯಲ್ಲಿಲ್ಲ. ಬರೆದಿಡುವುದು ಮಾತ್ರ ನಮ್ಮ ಕೈಯಲ್ಲಿದೆ. ಪೊಲೀಸರಿಂದ ನೊಂದವರದ್ದು, ವೀರಪ್ಪನಿಂದ ನೊಂದವರದ್ದು, ಎರಡನ್ನೂ ಒಂದೇ ನಿಷ್ಠೆಯಿಂದ ಬರೆಯೋಣ. ಒಂದು ನೋಟುಬುಕ್ಕು, ಎರಡು ಪೆನ್ನು, ಕೇಳುವ ತಾಳ್ಮೆ ಇಷ್ಟಿದ್ದರೆ ಈ ರಾಗಿ ಕುಯ್ಲು ಮುಗಿದ ಮೇಲಿನ ಬಿಡುವಿನಲ್ಲೇ ಶುರು ಮಾಡಬಹುದು.